ಆಡಿರಾಂಡಾಕ್ ಅರಣ್ಯವೂ ಹಿಮದ ಹಾದಿಗಳೂ

ಮಂಜು ಕವಿಯುವುದನ್ನು ಕನ್ನಡನಾಡಿನ ಜನರು ಕೊಡಗಿನಲ್ಲಿಯೂ ಬಾಬಾಬುಡನ್‌ಗಿರಿಯಲ್ಲಿಯೂ ಕಂಡಿರುವರು. ಹಿಮವು ಸುರಿದು ತಿಂಗಳುಗಟ್ಟಲೆ ನೆಲದ ಮೇಲೆ ನಿಲ್ಲುವುದನ್ನು ಮಾತ್ರ ಇಲ್ಲಿ ಕಾಣರು. ಅಂತಹ ಹಿಮದಲ್ಲಿ ಬರಿಯ ಪಾದರಕ್ಷೆಯಿಂದ ನಡೆಯಹೊರಟವನು ಮೊಣಕಾಲಿನವರೆಗೆ, ಕೆಲವೆಡೆ ಸೊಂಟದವರೆಗೆ ಹೂತುಹೋಗುವನು. ಒಂದು ಮೈಲಿ ಸಾಗುವುದರೊಳಗೆ ಅವನ ಶಕ್ತಿಯೆಲ್ಲ ಉಡುಗುವುದು. ಈ ಕಷ್ಟಕ್ಕೆ ಉತ್ತರ ದೇಶಗಳ ಜನರು ಅತಿ ಪುರಾತನ ಕಾಲದಲ್ಲಿಯೇ ಎರಡು ಉಪಾಯಗಳನ್ನು ಕಂಡುಕೊಂಡರು. ಅಮೆರಿಕದ ಮೂಲನಿವಾಸಿಗಳು ಮರದ ಬಳೆಯೊಂದನ್ನು ಬಗ್ಗಿಸಿ, ಅದರೊಳಗೆ ಹಸಿಯ ತೊಗಲಿನ ಪಟ್ಟಿಗಳನ್ನು ಹಗ್ಗದ ಮಂಚದಂತೆ ಹೆಣೆದು, ಕಾಲಿಗೆ ಕಟ್ಟಿಕೊಂಡರು. ದೇಹದ ಭಾರವು ಮೊರದಷ್ಟು ಅಗಲದ ಮೇಲೆ ಹರಡುವುದರಿಂದ ಕಾಲು ಹೂಳದು. ಇದು ಹಿಮಪಾದುಕೆ. ನಾರ್ವೆ, ಸ್ವೀಡನ್, ಫಿನ್ಲೆಂಡ್ ಮೊದಲಾದ ದೇಶಗಳವರು ಆಳೆತ್ತರಕ್ಕಿಂತಲೂ ಉದ್ದವಾದ, ಮುಂತುದಿಯು ದೋಣಿಯಂತೆ ಮೇಲಕ್ಕೆ ಬಾಗಿದ ಮರದ ಹಲಗೆಗಳನ್ನು ಕಟ್ಟಿಕೊಂಡು ಜಾರುತ್ತ ಸಾಗಿದರು. ಇದು ಸ್ಕೀ. ಪಾದುಕೆಯವನು ನಡೆಯುವನು, ಸ್ಕೀಯವನು ತೇಲುವನು. ಮೊದಲನೆಯವನಿಗೆ ಮರಗಳ ನಡುವೆ ಎರಡಡಿ ಸಂದು ಸಿಕ್ಕಿದರೆ ಸಾಕು. ಎರಡನೆಯವನಿಗೆ ಇಳಿಜಾರಿನಲ್ಲಿ ತಿರುಗುವುದಕ್ಕೂ ನಿಲ್ಲುವುದಕ್ಕೂ ಅಗಲವಾದ ಹಾದಿಯು ಬೇಕು. ಅಲ್ಪವಾಗಿ ತೋರುವ ಈ ಭೇದದಿಂದ ನ್ಯೂಯಾರ್ಕ್ ಸಂಸ್ಥಾನದ ಪರ್ವತಾರಣ್ಯವೊಂದರಲ್ಲಿ ನೂರು ವರ್ಷಗಳಿಗೆ ಸಮೀಪದ ವಿವಾದವು ಹುಟ್ಟಿತು.

ಆ ಅರಣ್ಯಕ್ಕೆ ಆಡಿರಾಂಡಾಕ್ ಎಂದು ಹೆಸರು. ಸಂಸ್ಥಾನದ ಈಶಾನ್ಯ ಭಾಗದಲ್ಲಿರುವ ಈ ಪರ್ವತಗಳಲ್ಲಿ ಅತ್ಯುನ್ನತವಾದುದು ಮಾರ್ಸಿ ಶಿಖರ. ಅದರ ಎತ್ತರ ೫,೩೪೪ ಅಡಿ. ಕನ್ನಡನಾಡಿನ ಮುಳ್ಳಯ್ಯನಗಿರಿಗಿಂತ ಅದು ತಗ್ಗು. ಆದರೆ ಅಕ್ಷಾಂಶವು ಉತ್ತರದ್ದಾದುದರಿಂದ ಅಲ್ಲಿ ವರ್ಷಕ್ಕೆ ನಾಲ್ಕೈದು ತಿಂಗಳು ಹಿಮದ ಆಳ್ವಿಕೆ. ‘ಆಡಿರಾಂಡಾಕ್’ ಎಂಬುದು ಮೋಹಾಕ್ ಜನರ ಮಾತು. ‘ತೊಗಟೆ ತಿನ್ನುವವರು’ ಎಂದು ಅದರ ಅರ್ಥವೆನ್ನುವರು. ಚಳಿಗಾಲದಲ್ಲಿ ಬೇಟೆ ದೊರೆಯದೆ ಮರದ ತೊಗಟೆಯನ್ನು ತಿಂದು ಬದುಕುವವರೆಂದು ನೆರೆಯ ಕುಲದವರನ್ನು ಹೀಯಾಳಿಸಿದ ಮಾತಂತೆ. ೧೮೩೮ರಲ್ಲಿ ಎಮನ್ಸ್ ಎಂಬ ಭೂಶಾಸ್ತ್ರಜ್ಞನು ಈ ಬೈಗುಳವನ್ನೇ ಪರ್ವತಶ್ರೇಣಿಗೆ ಹೆಸರಾಗಿಟ್ಟನು.

ಹಿಮಪಾದುಕೆಯು ಆ ಸೀಮೆಯಲ್ಲಿ ಮೊದಲು ಬೇಟೆಯ ಸಾಧನ, ಬಳಿಕ ಯುದ್ಧದ ಸಾಧನ. ಇಂಗ್ಲಿಷರಿಗೂ ಫ್ರೆಂಚರಿಗೂ ಉತ್ತರ ಅಮೆರಿಕಕ್ಕಾಗಿ ಹೋರಾಟವು ನಡೆಯುತ್ತಿದ್ದಾಗ, ೧೭೫೭ರ ಜನವರಿಯಲ್ಲಿ, ರಾಬರ್ಟ್ ರೋಜರ್ಸ್ ಎಂಬ ದಳಪತಿಯು ಸಣ್ಣದೊಂದು ತಂಡದೊಡನೆ ಹಿಮಪಾದುಕೆಗಳ ಮೇಲೆ ಟಿಕಾಂಡರೋಗದ ಕೋಟೆಯ ಬಳಿಗೆ ನುಸುಳಿದನು. ಎದುರಾದ ಫ್ರೆಂಚರಲ್ಲಿ ಬಹುಮಂದಿಗೆ ಪಾದುಕೆಗಳಿರಲಿಲ್ಲ; ಅವರು ಮೊಣಕಾಲುದ್ದದ ಹಿಮದಲ್ಲಿ ತೊಳಲಿದರು. ಮರುವರ್ಷದ ಮಾರ್ಚಿ ೧೩ರಂದು ರೋಜರ್ಸನು ಸುಮಾರು ನೂರೆಂಬತ್ತು ಜನರೊಡನೆ ಮತ್ತೆ ಹೊರಟನು. ಈ ಸಲ ಎದುರಾಳಿಗಳೂ ಪಾದುಕೆ ಕಟ್ಟಿ ಬಂದಿದ್ದರು. ರೋಜರ್ಸನ ದಂಡಿನಲ್ಲಿ ನೂರಿಪ್ಪತ್ತಕ್ಕೂ ಮಿಕ್ಕವರು ಹತರಾದರು, ಇಲ್ಲವೆ ಸೆರೆಸಿಕ್ಕಿದರು. ಇತಿಹಾಸದಲ್ಲಿ ಇದು ‘ಹಿಮಪಾದುಕೆಗಳ ಕಾಳಗ’ವೆಂದೇ ಹೆಸರಾಗಿದೆ.

ಯುದ್ಧಗಳು ಮುಗಿದ ತರುವಾಯ ಕೊಡಲಿಯ ಕಾಲವು ಬಂದಿತು. ೧೮೫೦ರ ಹೊತ್ತಿಗೆ ಮರದ ವ್ಯಾಪಾರದಲ್ಲಿ ನ್ಯೂಯಾರ್ಕ್ ಸಂಸ್ಥಾನವು ಅಮೆರಿಕಕ್ಕೆಲ್ಲ ಮುಂದಾಗಿತ್ತು. ಕಾಡು ಬೋಳಾದರೆ ತೊರೆಗಳು ಬತ್ತುವುವು ಎಂಬುದನ್ನು ಜಾರ್ಜ್ ಪರ್ಕಿನ್ಸ್ ಮಾರ್ಷನು ೧೮೬೪ರಲ್ಲಿ ಪ್ರಕಟಿಸಿದ ‘ಮನುಷ್ಯ ಮತ್ತು ಪ್ರಕೃತಿ’ ಎಂಬ ಗ್ರಂಥದಲ್ಲಿ ವಿಸ್ತಾರವಾಗಿ ವಾದಿಸಿದ್ದನು. ಆ ವಾದವನ್ನು ಬೆಟ್ಟಗಳ ಮೇಲೆ ನಿಂತು ಕಣ್ಣಾರೆ ಕಂಡವನು ವೆರ್‌ಪ್ಲಾಂಕ್ ಕಾಲ್ವಿನ್. ಸಂಸ್ಥಾನದ ಪರವಾಗಿ ಆಡಿರಾಂಡಾಕನ್ನು ಮೋಜಣಿ ಮಾಡುತ್ತ, ೧೮೭೨ರಲ್ಲಿ ಮಾರ್ಸಿ ಶಿಖರದ ಓರೆಯಲ್ಲಿ ಅವನು ಪುಟ್ಟ ಕೊಳವೊಂದನ್ನು ಕಂಡು, ಹಡ್ಸನ್ ನದಿಯ ಅತ್ಯುನ್ನತ ಮೂಲವು ಅದೇ ಎಂದು ಗೊತ್ತುಮಾಡಿದನು. ‘ಮೇಘಗಳ ಕಣ್ಣೀರಿನ ಸರೋವರ’ವೆಂಬ ಅರ್ಥದ ಹೆಸರು ಅದಕ್ಕೆ ಸಂದಿತು. ಮೋಜಣಿದಾರನ ವರದಿಯಲ್ಲಿ ಇಂತಹ ಹೆಸರು ಕಾಣುವುದು ಅಪೂರ್ವವೇ ಸರಿ. ಆದರೆ ಶಾಸನಸಭೆಯ ಮನಸ್ಸನ್ನು ಕರಗಿಸಿದ್ದು ಕಾವ್ಯವಲ್ಲ. ಕಾಡು ಹೋದರೆ ಹಡ್ಸನ್ ನದಿಯಲ್ಲಿಯೂ ಈರಿ ಕಾಲುವೆಯಲ್ಲಿಯೂ ದೋಣಿಗಳಿಗೆ ನೀರು ಸಾಲದಾಗುವುದೆಂಬ ಭಯ.

೧೮೮೫ರಲ್ಲಿ ಸರ್ಕಾರದ ಒಡೆತನದ ಕಾಡುಗಳು ಸಂರಕ್ಷಿತಾರಣ್ಯವೆಂದು ಸಾರಲ್ಪಟ್ಟುವು. ೧೮೯೨ರಲ್ಲಿ, ಸರ್ಕಾರದ ಕಾಡನ್ನೂ ಖಾಸಗಿಯವರ ನೆಲವನ್ನೂ ಒಳಗೊಂಡು, ನಕ್ಷೆಯ ಮೇಲೆ ನೀಲಿ ಗೆರೆಯೊಂದನ್ನೆಳೆದು ಆಡಿರಾಂಡಾಕ್ ಉದ್ಯಾನದ ಮೇರೆಯನ್ನು ನಿಶ್ಚಯಿಸಿದರು. ಇಷ್ಟಾದರೂ ಕೊಡಲಿಯು ನಿಲ್ಲಲಿಲ್ಲ. ೧೮೯೩ರ ಶಾಸನವಂತೂ ಸಂರಕ್ಷಿತಾರಣ್ಯದ ಮರಗಳನ್ನೇ ಮಾರುವ ಅಧಿಕಾರವನ್ನು ಅರಣ್ಯಾಧಿಕಾರಿಗಳ ಕೈಗೆ ಕೊಟ್ಟಿತು. ಒಂದು ಶಾಸನಸಭೆ ಕಟ್ಟಿದುದನ್ನು ಮುಂದಿನ ಸಭೆ ಬಿಚ್ಚಬಹುದೆಂಬುದು ಆಗ ಎಲ್ಲರಿಗೂ ಮನವರಿಕೆಯಾಯಿತು. ಆದಕಾರಣ ೧೮೯೪ರಲ್ಲಿ ಸಂಸ್ಥಾನದ ರಾಜ್ಯಾಂಗಶಾಸನವನ್ನು ಪರಿಷ್ಕರಿಸಲು ಸೇರಿದ ಮಹಾಸಭೆಯಲ್ಲಿ ಡೇವಿಡ್ ಮೆಕ್ಲೂರ್ ಎಂಬ ವಕೀಲನು ಈ ವಿಷಯವನ್ನು ರಾಜ್ಯಾಂಗದೊಳಗೇ ಸೇರಿಸಬೇಕೆಂದು ಸೂಚನೆ ತಂದನು. ಸಂರಕ್ಷಿತಾರಣ್ಯವು ಎಂದೆಂದಿಗೂ ಕಾಡಾಗಿಯೇ ಉಳಿಯತಕ್ಕದ್ದು. ಅದನ್ನು ಗೇಣಿಗೆ ಕೊಡಕೂಡದು, ಮಾರಕೂಡದು, ಬದಲಾಯಿಸಿಕೊಳ್ಳಕೂಡದು. ಅಲ್ಲಿನ ಮರವನ್ನು ಮಾರುವುದಾಗಲಿ ತೆಗೆಯುವುದಾಗಲಿ ಕೂಡದು ಎಂಬುದು ಅದರ ತಾತ್ಪರ್ಯ. ಚರ್ಚೆಯ ಕಾಲದಲ್ಲಿ ಗುಡೆಲ್ ಎಂಬ ಸದಸ್ಯನು ಇನ್ನೊಂದು ಪದವನ್ನು ಸೇರಿಸಬೇಕೆಂದನು: ‘ನಾಶಮಾಡುವುದೂ’ ಕೂಡದು. ಅಣೆಕಟ್ಟು ಕಟ್ಟಿ ನೀರು ನಿಲ್ಲಿಸಿದರೆ ಮರವನ್ನು ಮಾರದೆ, ತೆಗೆಯದೆ, ನಿಂತಲ್ಲೇ ಕೊಲ್ಲಬಹುದಷ್ಟೆ. ೧೨೨ ಮಂದಿ ಪರವಾಗಿ ಮತವಿತ್ತರು. ವಿರೋಧವಾಗಿ ಒಬ್ಬನೂ ಇಲ್ಲ. ಆ ನವೆಂಬರಿನಲ್ಲಿ ಮಹಾಜನರೂ ಒಪ್ಪಿದರು. ೧೮೯೫ರ ಜನವರಿ ೧ರಿಂದ ಈ ವಿಧಿಯು ಜಾರಿಗೆ ಬಂದಿತು.

ಅದೇ ೧೮೯೫ರಲ್ಲಿ ಲೇಕ್ ಪ್ಲಾಸಿಡ್ ಎಂಬ ಗ್ರಾಮದ ಸರೋವರದ ತಡಿಯಲ್ಲಿ ಮೆಲ್ವಿಲ್ ಡ್ಯೂಯಿ ಎಂಬವನು ಒಂದು ವಿಹಾರಕೂಟವನ್ನು ಸ್ಥಾಪಿಸಿದನು. ವಾಚಕರಿಗೆ ಈ ಹೆಸರು ಅಪರಿಚಿತವಲ್ಲ. ಕನ್ನಡನಾಡಿನ ಗ್ರಂಥಾಲಯಗಳಲ್ಲಿಯೂ ಪುಸ್ತಕಗಳ ಬೆನ್ನಿನ ಮೇಲೆ ಕಾಣುವ ದಶಮಾಂಶದ ಅಂಕೆಗಳು ೧೮೭೬ರಲ್ಲಿ ಅವನು ಪ್ರಕಟಿಸಿದ ವರ್ಗೀಕರಣದವೇ. ಎಲ್ಲವನ್ನೂ ವ್ಯವಸ್ಥೆಗೊಳಿಸುವ ಹುಚ್ಚು ಅವನಿಗೆ ಬಹಳವಾಗಿತ್ತು. ಇಂಗ್ಲಿಷ್ ಕಾಗುಣಿತದಲ್ಲಿ ಉಚ್ಚರಿಸದ ಅಕ್ಷರಗಳನ್ನು ಬಿಟ್ಟುಬಿಡಬೇಕೆಂದು ಅವನ ಹಟ. ಆ ಬೆಟ್ಟಗಳಲ್ಲಿನ ಅತಿಥಿಗೃಹವೊಂದರ ಹೆಸರನ್ನು ಇಂದಿಗೂ ಅವನ ಮೊಟಕು ಕಾಗುಣಿತದಲ್ಲಿಯೇ ಬರೆಯುವರು. ಬೇಸಗೆಯ ವಿಹಾರಸ್ಥಾನಗಳೆಲ್ಲ ಚಳಿಗಾಲಕ್ಕೆ ಬಾಗಿಲು ಹಾಕುತ್ತಿದ್ದ ಆ ಕಾಲದಲ್ಲಿ, ೧೯೦೪-೦೫ರ ಚಳಿಗಾಲ ಡ್ಯೂಯಿಯು ತನ್ನ ಕೂಟವನ್ನು ತೆರೆದೇ ಇಟ್ಟು, ನಾರ್ವೆಯಿಂದ ನಲವತ್ತು ಜೊತೆ ಸ್ಕೀಗಳನ್ನು ತರಿಸಿದನು. ಆ ಪರ್ವತಗಳಲ್ಲಿ ಚಳಿಗಾಲವು ಸಹಿಸಬೇಕಾದ ಕಷ್ಟವಾಗಿದ್ದುದು ಹೋಗಿ ಅರಸಿ ಬರುವ ಸುಖವಾದುದಕ್ಕೆ ಅದೇ ಮೊದಲು.

ಆ ಸುಖವು ಎಲ್ಲರಿಗೂ ಇರಲಿಲ್ಲ. ಯಹೂದ್ಯರಿಗೆ ಆ ಕೂಟದಲ್ಲಿ ಪ್ರವೇಶವಿಲ್ಲವೆಂಬುದು ಅದರ ನಿಯಮವಾಗಿತ್ತು. ಡ್ಯೂಯಿಯಾದರೋ ಆಗ ಸಂಸ್ಥಾನದ ಗ್ರಂಥಪಾಲಕನೂ ಹೌದು. ಎಲ್ಲ ಪ್ರಜೆಗಳ ತೆರಿಗೆಯಿಂದ ಸಂಬಳ ಪಡೆಯುವವನು. ೧೯೦೫ರಲ್ಲಿ ನ್ಯೂಯಾರ್ಕಿನ ಯಹೂದಿ ಪ್ರಮುಖರು ಅವನನ್ನು ಅಧಿಕಾರದಿಂದ ತೆಗೆಯಬೇಕೆಂದು ಬಿನ್ನವತ್ತಳೆ ಸಲ್ಲಿಸಿದರು. ಆಡಳಿತಮಂಡಲಿಯು ಅವನಿಗೆ ಛೀಮಾರಿ ಹಾಕಿತು. ಅದೇ ವರ್ಷ ಅವನು ರಾಜೀನಾಮೆ ಕೊಟ್ಟನು. ಬಿನ್ನವತ್ತಳೆಯ ಮುಂದಾಳುಗಳಲ್ಲಿ ಲೂಯಿ ಮಾರ್ಷಲ್ ಎಂಬ ಪ್ರಸಿದ್ಧ ನ್ಯಾಯವಾದಿಯೊಬ್ಬನು. ೧೮೯೪ರ ಮಹಾಸಭೆಯಲ್ಲಿ ಅವನೂ ಸದಸ್ಯನಾಗಿದ್ದನು, ಅರಣ್ಯವಿಧಿಯನ್ನು ಜೀವಮಾನವೆಲ್ಲ ಸಮರ್ಥಿಸಿದವನು. ಅವನ ಕುಟುಂಬದ ಬೇಸಗೆಯ ಮನೆ ಅದೇ ಪರ್ವತಗಳಲ್ಲಿ, ಸಾರನಾಕ್ ಸರೋವರದ ಬಳಿ ಇದ್ದಿತು. ಅಲ್ಲಿ ಬೆಳೆದ ಮಗ ಬಾಬ್ ಮಾರ್ಷಲನು ತಮ್ಮನೊಡನೆಯೂ ಮಾರ್ಗದರ್ಶಿಯೊಬ್ಬನೊಡನೆಯೂ ಆಡಿರಾಂಡಾಕಿನ ನಲವತ್ತಾರು ಉನ್ನತ ಶಿಖರಗಳನ್ನೆಲ್ಲ ೧೯೨೫ರೊಳಗೆ ಏರಿ, ಮುಂದೆ ೧೯೩೫ರಲ್ಲಿ ಅಮೆರಿಕದ ವನ್ಯಪ್ರದೇಶಗಳ ರಕ್ಷಣೆಗಾಗಿ ಸ್ಥಾಪಿತವಾದ ಸಂಘದ ಸ್ಥಾಪಕರಲ್ಲೊಬ್ಬನಾದನು.

೧೯೨೯ರ ಏಪ್ರಿಲಿನಲ್ಲಿ ಡ್ಯೂಯಿಯ ಮಗ ಗಾಡ್‌ಫ್ರೆ ಡ್ಯೂಯಿಯ ಪ್ರಯತ್ನದಿಂದ, ೧೯೩೨ರ ಚಳಿಗಾಲದ ಒಲಿಂಪಿಕ್ ಕ್ರೀಡೆಗಳು ಲೇಕ್ ಪ್ಲಾಸಿಡ್ಡಿಗೆ ಬರುವುವೆಂದು ನಿಶ್ಚಯವಾಯಿತು. ಸ್ಕೀ ಪಂದ್ಯಗಳಿಗೆ ಕಾಡಿನಲ್ಲಿ ಹಾದಿಗಳಿದ್ದುವು. ಇಲ್ಲದೆ ಇದ್ದುದು ಬಾಬ್‌ಸ್ಲೆಡ್ ಎಂಬ ಜಾರುಬಂಡಿಯ ಓಟದ ಕಣಿವೆ. ಅದನ್ನು ಸೆಂಟಿನೆಲ್ ಪರ್ವತದ ಇಳಿಜಾರಿನಲ್ಲಿ, ಸಂರಕ್ಷಿತಾರಣ್ಯದೊಳಗೆ ಕಟ್ಟುವುದಕ್ಕೆ ಶಾಸನಸಭೆಯು ಅದೇ ವರ್ಷ ಅನುಮತಿಯಿತ್ತಿತು. ಓಟದ ಉದ್ದ ಒಂದೂಕಾಲು ಮೈಲಿ. ತೆರವು ಮಾಡಬೇಕಾದ ನೆಲ ನಾಲ್ಕೂವರೆ ಎಕರೆ. ಕಡಿಯಬೇಕಾದ ಮರಗಳು ಸುಮಾರು ೨,೫೦೦. ಆಡಿರಾಂಡಾಕ್ ರಕ್ಷಣೆಯ ಸಂಘವು ಅರಣ್ಯಖಾತೆಯ ಮುಖ್ಯಾಧಿಕಾರಿಯಾದ ಮ್ಯಾಕ್‌ಡೊನಾಲ್ಡನ ಮೇಲೆ ವ್ಯಾಜ್ಯ ಹೂಡಿತು. ಲೂಯಿ ಮಾರ್ಷಲನು ಅದರ ತೀರ್ಪನ್ನು ಕಾಣಲು ಉಳಿಯಲಿಲ್ಲ. ೧೯೨೯ರ ಸೆಪ್ಟೆಂಬರಿನಲ್ಲಿ ತೀರಿಕೊಂಡನು.

ಈ ವ್ಯಾಜ್ಯದ ಸ್ವಾರಸ್ಯವು ಅದರ ಅಲ್ಪತೆಯಲ್ಲಿದೆ. ಉದ್ಯಾನದೊಳಗಿನ ಸಂರಕ್ಷಿತಾರಣ್ಯದ ವಿಸ್ತಾರ ಆಗ ಹತ್ತೊಂಬತ್ತು ಲಕ್ಷ ನಲವತ್ತೊಂದು ಸಾವಿರ ಎಕರೆ. ಅದರಲ್ಲಿ ನಾಲ್ಕೂವರೆ ಎಕರೆಯೆಂದರೆ ಸಮುದ್ರದಿಂದ ಒಂದು ಬೊಗಸೆ. ಕೇಳುತ್ತಿದ್ದವರು ಮರದ ವ್ಯಾಪಾರಿಗಳಲ್ಲ. ಉದ್ದೇಶವು ಲಾಭವಲ್ಲ, ರಾಷ್ಟ್ರರಾಷ್ಟ್ರಗಳ ಯುವಕರ ಸ್ಪರ್ಧೆ. ಶಾಸನಸಭೆಯೇ ಒಪ್ಪಿದೆ. ಒಂದು ಕೆಟ್ಟ ಕಾರಣಕ್ಕಾಗಿ ಸಾವಿರ ಎಕರೆಯನ್ನು ಕೇಳಿದ್ದರೆ ತೀರ್ಪು ಸುಲಭವಾಗುತ್ತಿತ್ತು; ಒಳ್ಳೆಯ ಕಾರಣಕ್ಕಾಗಿ ನಾಲ್ಕೂವರೆ ಎಕರೆಯನ್ನು ಕೇಳಿದಾಗಲೇ ವಿಧಿಯ ಗಟ್ಟಿತನವು ಪರೀಕ್ಷೆಗೆ ಒಳಗಾದುದು. ಮೊದಲು ವಿಚಾರಿಸಿದ ನ್ಯಾಯಸ್ಥಾನವು ೧೯೩೦ರ ಜನವರಿಯಲ್ಲಿ ಸಂಘದ ಪರವಾಗಿ ತೀರ್ಪಿತ್ತಿತು. ಆ ಅರಣ್ಯವು ಜನರ ವಿಹಾರಕ್ಕಾಗಿಯೇ ಇರುವುದಾದರೂ ಅದು ಪ್ರಕೃತಿಯ ಸ್ವಚ್ಛಂದಕ್ಕೆ ಬಿಟ್ಟ ವಿಹಾರಸ್ಥಾನ, ಊರಿನ ತೋಟಗಳಂತಲ್ಲ ಎಂದು ನ್ಯಾಯಾಧಿಪತಿ ಹಿನ್‌ಮನ್ ಅವರು ವಿವರಿಸಿದರು. ಮೇಲ್ಮನವಿಯಾಗಿ, ಮಾರ್ಚಿ ೧೮ರಂದು ಸಂಸ್ಥಾನದ ಅತ್ಯುಚ್ಚ ನ್ಯಾಯಸ್ಥಾನವೂ ಅದನ್ನೇ ಎತ್ತಿಹಿಡಿಯಿತು. ನ್ಯಾಯಾಧಿಪತಿ ಕ್ರೇನ್ ಅವರು ಕ್ರೀಡೆಯ ಪ್ರಯೋಜನವನ್ನು ಅಲ್ಲಗಳೆಯಲಿಲ್ಲ. ನಾಲ್ಕೂವರೆ ಎಕರೆಯು ಅತ್ಯಲ್ಪವೆಂಬುದನ್ನೂ ಒಪ್ಪಿದರು. ಕಾಳ್ಗಿಚ್ಚನ್ನು ತಡೆಯುವುದಕ್ಕೂ, ರಸ್ತೆಗಳ ರಿಪೇರಿಗೂ, ಮರಗಳಿಗೆ ಗಣನೀಯ ಹಾನಿಯಿಲ್ಲದೆ ಜನರಿಗೆ ಅನುಕೂಲ ಕಲ್ಪಿಸುವುದಕ್ಕೂ ಅಡ್ಡಿಯಿಲ್ಲವೆಂದರು. ಆದರೆ ಇಂದು ಜಾರುಬಂಡಿಗೆ ಕೊಟ್ಟ ಕಾರಣವನ್ನೇ ನಾಳೆ ಬೇರೆ ಆಟಗಳಿಗೂ ಕೊಡಬೇಕಾಗುವುದು. ಕ್ರೀಡೆಯ ಆಕರ್ಷಣೆಯು ಎಷ್ಟೇ ದೊಡ್ಡದಾದರೂ ರಾಜ್ಯಾಂಗದ ವಿಧಿಯು ಸಂದರ್ಭ ಬಂದಂತೆ ಬಾಗಲಾರದು. ಬೇಕೆಂದರೆ ಮಹಾಜನರೇ ಮತವಿತ್ತು ವಿಧಿಯನ್ನು ತಿದ್ದಲಿ ಎಂಬುದು ತೀರ್ಪಿನ ಸಾರ.

ಕ್ರೀಡೆಗಳೇನೂ ನಿಲ್ಲಲಿಲ್ಲ. ಜಾರುಬಂಡಿಯ ಓಟವನ್ನು ಖಾಸಗಿ ನೆಲದಲ್ಲಿ, ವಾನ್ ಹೋವೆನ್‌ಬರ್ಗ್ ಎಂಬ ಬೆಟ್ಟದ ಮೇಲೆ ಕಟ್ಟಿದರು. ೧೯೩೨ರ ಫೆಬ್ರುವರಿ ೪ರಂದು ನ್ಯೂಯಾರ್ಕಿನ ಗವರ್ನರನಾಗಿದ್ದ ಫ್ರಾಂಕ್ಲಿನ್ ರೂಸ್‌ವೆಲ್ಟನು ಕ್ರೀಡೆಗಳನ್ನು ಉದ್ಘಾಟಿಸಿದನು. ಹದಿನೇಳು ದೇಶಗಳವರು ಬಂದಿದ್ದರು. ಮೆಲ್ವಿಲ್ ಡ್ಯೂಯಿಯು ಐದಾರು ವಾರಗಳ ಹಿಂದೆಯಷ್ಟೇ ಮೃತನಾಗಿದ್ದನು. ಮರಗಳ ವಿಷಯದಲ್ಲಿ ಅಷ್ಟೆಲ್ಲ ವಾದ ನಡೆದ ಮೇಲೆ ಕೊನೆಯಲ್ಲಿ ಕೈಕೊಟ್ಟದ್ದು ಹಿಮವೇ. ಆ ಚಳಿಗಾಲವು ಎಂದೂ ಇಲ್ಲದಷ್ಟು ಬೆಚ್ಚಗಾಗಿ, ಸ್ಕೀ ಹಾದಿಗಳಿಗೆ ಲಾರಿಗಳಲ್ಲಿ ಹಿಮವನ್ನು ಹೊತ್ತು ತಂದು ಹರಡಬೇಕಾಯಿತು! ಹದಿನೆಂಟು ಕಿಲೋಮೀಟರಿನ ಓಟವನ್ನು ಸ್ವೀಡನ್ನಿನ ಉಟರ್‌ಸ್ಟ್ರೋಮನು ಗೆದ್ದನು. ಐವತ್ತು ಕಿಲೋಮೀಟರಿನ ಓಟದ ದಿನವಾದರೋ ಹಾದಿ ಯಾವುದೆಂಬ ಜಗಳದಲ್ಲಿ ಮೂರು ಗಂಟೆ ಕಳೆದು, ಬಿರುಗಾಳಿಯ ಹಿಮದಲ್ಲಿಯೇ ಓಟವು ಆರಂಭವಾಯಿತು. ಫಿನ್ಲೆಂಡಿನ ಸಾರಿನೆನ್ ೪ ಗಂಟೆ ೨೮ ನಿಮಿಷಗಳಲ್ಲಿ ಮುಗಿಸಿದನು. ಅವನ ದೇಶದವನೇ ಆದ ಲೀಕನೆನ್ ಇಪ್ಪತ್ತೇ ಸೆಕೆಂಡು ಹಿಂದೆ ಬಂದನು.

ತೀರ್ಪು ತೋರಿಸಿದ ದಾರಿಯನ್ನು ಸ್ಕೀ ಪ್ರಿಯರು ಬೇಗನೆ ಕಲಿತರು. ೧೯೪೧ರಲ್ಲಿ ವೈಟ್‌ಫೇಸ್ ಪರ್ವತದ ಮೇಲೆ ಇಪ್ಪತ್ತು ಮೈಲಿಗೆ ಮೀರದ, ಮೂವತ್ತರಿಂದ ಎಂಬತ್ತು ಅಡಿ ಅಗಲದ ಸ್ಕೀ ಹಾದಿಗಳಿಗೆ ಮಹಾಜನರು ತಿದ್ದುಪಡಿಯಿಂದ ಸಮ್ಮತಿಯಿತ್ತರು. ೧೯೪೭ರಲ್ಲಿ ಇನ್ನೂ ಕೆಲವು ಬೆಟ್ಟಗಳಿಗೆ ಅದೇ ಬಗೆಯ ಅನುಮತಿಯಾಯಿತು. ರಾಜ್ಯಾಂಗಶಾಸನವೊಂದರಲ್ಲಿ ಸ್ಕೀ ಹಾದಿಯ ಅಗಲವನ್ನು ಅಡಿಗಳಲ್ಲಿ ನಮೂದಿಸಿರುವುದನ್ನು ಕಂಡು ನಗುವವರು ನಗಬಹುದು. ಆದರೆ ಅಡಿಯನ್ನು ನಮೂದಿಸದೆ ಹೋಗಿದ್ದರೆ ಹಾದಿಯು ಎಲ್ಲಿ ನಿಲ್ಲುತ್ತಿತ್ತೋ ಹೇಳಬಲ್ಲವರು ಯಾರು?

ಇದಕ್ಕಿಂತ ಸೊಗಸಾದುದು ತಿದ್ದುಪಡಿಯನ್ನು ಕೇಳದೆಯೇ ಹಾದಿಯನ್ನು ಪಡೆದವರ ಜಾಣತನ. ನಾರ್ವೆಯಲ್ಲಿ ೧೮೭೫ರಲ್ಲಿ ಹುಟ್ಟಿ ನೂರ ಹನ್ನೊಂದು ವರ್ಷ ಬಾಳಿದ ಹರ್ಮನ್ ಯೋಹಾನ್‌ಸೆನ್ ಎಂಬವನು ಕೆಲವು ಕಾಲ ಲೇಕ್ ಪ್ಲಾಸಿಡ್ಡಿನಲ್ಲಿ ನೆಲೆಸಿ ಆ ಕಾಡುಗಳಲ್ಲಿ ಸ್ಕೀಗಳ ಮೇಲೆ ಅಲೆದಾಡಿದ್ದನು. ‘ಜಾಕ್‌ರ‍್ಯಾಬಿಟ್’, ಎಂದರೆ ಉದ್ದಕಿವಿಯ ಮೊಲ, ಎಂದು ಅವನಿಗೆ ಅಡ್ಡಹೆಸರು. ಆ ಹೆಸರನ್ನೇ ಇಟ್ಟು ೧೯೮೬ರಿಂದ ಒಂದು ಸ್ಕೀ ಸಂಘವು ಊರಿನಿಂದೂರಿಗೆ ಹಾಯುವ ದೀರ್ಘಪಥವೊಂದನ್ನು ಜೋಡಿಸಿತು. ಜೋಡಿಸಿತು ಎಂಬುದೇ ಸರಿಯಾದ ಮಾತು. ಹಾಳುಬಿದ್ದ ಹಳೆಯ ಗಾಡಿರಸ್ತೆ, ಮರ ಸಾಗಿಸುತ್ತಿದ್ದ ದಾರಿ, ಇದ್ದ ಕಾಲುಹಾದಿ, ಒಪ್ಪಿದ ಖಾಸಗಿಯವರ ಹೊಲ ಇವುಗಳನ್ನು ಒಂದಕ್ಕೊಂದು ಸೇರಿಸಿ, ಹೊಸದಾಗಿ ಕಡಿಯುವುದನ್ನು ಆದಷ್ಟು ಕಡಮೆ ಮಾಡಿದರು. ಕೀನ್ ಮತ್ತು ಲೇಕ್ ಪ್ಲಾಸಿಡ್ಡುಗಳ ನಡುವೆ ಆ ಪಥವು ಹೋಗುವುದು ಕುದುರೆಗಾಡಿಗಳು ಬಿಟ್ಟುಹೋದ ಹಳೆಯ ಬೆಟ್ಟದ ರಸ್ತೆಯಲ್ಲಿ.

ಉನ್ನತ ಶಿಖರಗಳ ಪ್ರದೇಶದಲ್ಲಿ ಇನ್ನೊಂದು ನಿಯಮವುಂಟು. ಹಿಮವು ಎಂಟು ಅಂಗುಲಕ್ಕೆ ಏರಿದ ಮೇಲೆ ಸ್ಕೀಯಾಗಲಿ ಹಿಮಪಾದುಕೆಯಾಗಲಿ ಇಲ್ಲದೆ ಯಾರೂ ನಡೆಯಕೂಡದು. ಬರಿಗಾಲ ಜೋಡಿನವನು ಹೆಜ್ಜೆಹೆಜ್ಜೆಗೂ ತೋಡುವ ಗುಳಿಯು ರಾತ್ರಿಯಲ್ಲಿ ಕಲ್ಲಿನಂತೆ ಹೆಪ್ಪುಗಟ್ಟಿ, ಮರುದಿನ ಜಾರಿ ಬರುವವನ ಕಾಲು ಮುರಿಯುವುದು. ಒಂದು ಕಾಲಕ್ಕೆ ಬೇಟೆಗಾರನ ಅಗತ್ಯವಾಗಿದ್ದ ಪಾದುಕೆಯು ಈಗ ಹಿಂದೆ ಬರುವವನಿಗೆ ಸಲ್ಲಿಸುವ ಮರ್ಯಾದೆಯಾಗಿದೆ.

೧೯೩೦ರ ತೀರ್ಪು ಮತ್ತೆ ನ್ಯಾಯಸ್ಥಾನಕ್ಕೆ ಬಂದುದು ೨೦೨೧ರಲ್ಲಿ. ಹಿಮದ ಮೇಲೆ ಓಡುವ ಯಂತ್ರವಾಹನಗಳಿಗಾಗಿ ಒಂಬತ್ತರಿಂದ ಹನ್ನೆರಡು ಅಡಿ ಅಗಲದ, ಒಟ್ಟು ಸುಮಾರು ಇಪ್ಪತ್ತೇಳು ಮೈಲಿ ಉದ್ದದ ಹಾದಿಗಳನ್ನು ಸರ್ಕಾರವು ಯೋಚಿಸಿತ್ತು. ಕಡಿಯಬೇಕಾದ ಮರಗಳೆಷ್ಟು ಎಂದರೆ, ಎರಡು ಉತ್ತರಗಳು ಹೊರಟವು. ಕಾಂಡವು ಮೂರಂಗುಲಕ್ಕೆ ಕಡಮೆಯಿಲ್ಲದವುಗಳನ್ನು ಮಾತ್ರ ಎಣಿಸಿದರೆ ೬,೧೮೪. ಅದಕ್ಕಿಂತ ಸಣ್ಣವನ್ನೂ ಎಣಿಸಿದರೆ ಸುಮಾರು ೨೫,೦೦೦. ಹೀಗೆ, ಮರವೆಂದರೇನು ಎಂಬುದೇ ವ್ಯಾಜ್ಯದ ಮಾತಾಯಿತು. ಎತ್ತರದ ತಂಪಿನಲ್ಲಿ ಮಣಿಕಟ್ಟಿಗಿಂತ ತೆಳ್ಳಗಿರುವ ಗಿಡಕ್ಕೆ ಹಲವು ದಶಕಗಳ ವಯಸ್ಸಾಗಿರಬಹುದೆಂಬುದನ್ನು ನೆನೆದರೆ ಆ ಪ್ರಶ್ನೆಯು ಕುತರ್ಕವಲ್ಲ. ನ್ಯಾಯಸ್ಥಾನವು ನಾಲ್ಕಕ್ಕೆ ಎರಡು ಮತಗಳಿಂದ ಆ ಯೋಜನೆಯು ರಾಜ್ಯಾಂಗಕ್ಕೆ ವಿರುದ್ಧವೆಂದು ನಿರ್ಣಯಿಸಿತು.

ಇತ್ತ ವಾನ್ ಹೋವೆನ್‌ಬರ್ಗ್ ಬೆಟ್ಟವು ಕ್ರಮೇಣ ದೊಡ್ಡ ಕ್ರೀಡಾಸ್ಥಾನವಾಗಿ ಬೆಳೆದಿತ್ತು. ೧೯೮೦ರ ಒಲಿಂಪಿಕ್ ಕ್ರೀಡೆಗಳಲ್ಲಿ ಸ್ಕೀ ಓಟಗಳು ಅಲ್ಲಿಯೇ ನಡೆದುವು. ಒಲಿಂಪಿಕ್‌ನಲ್ಲಿ ಕೃತಕ ಹಿಮವನ್ನು ಮೊದಲು ಬಳಸಿದುದೂ ಆ ಕ್ರೀಡೆಗಳಲ್ಲಿಯೇ. ಹದಿನೈದು ಕಿಲೋಮೀಟರಿನ ಓಟದಲ್ಲಿ ಸ್ವೀಡನ್ನಿನ ವಾಸ್‌ಬರ್ಗನು ಫಿನ್ಲೆಂಡಿನ ಮಿಯೆಟೋನನ್ನು ಒಂದು ಸೆಕೆಂಡಿನ ನೂರರಲ್ಲೊಂದು ಪಾಲಿನಿಂದ ಹಿಂದಿಕ್ಕಿದನು. ೨೦೨೩ರಲ್ಲಿ ವಿಶ್ವವಿದ್ಯಾನಿಲಯಗಳ ಜಾಗತಿಕ ಕ್ರೀಡೆಗಳಿಗಾಗಿ ಅಲ್ಲಿನ ಏರ್ಪಾಡುಗಳು ಇನ್ನೂ ವಿಸ್ತಾರವಾದುವು. ಇಷ್ಟರಲ್ಲಿ ಸ್ಕೀ ಹಾದಿಗಳ ಒಂದು ಭಾಗವು ಸಂರಕ್ಷಿತಾರಣ್ಯದ ನೆಲದಲ್ಲಿಯೇ ಹಬ್ಬಿತ್ತು. ಯಾವ ಬೆಟ್ಟಕ್ಕೆ ಕಾಡಿನ ಹೊರಗಿನದೆಂದು ಕ್ರೀಡೆಯನ್ನು ಸಾಗಿಸಿದ್ದರೋ ಆ ಬೆಟ್ಟದಲ್ಲಿಯೇ ಹಳೆಯ ಪ್ರಶ್ನೆಯು ಮತ್ತೆ ತಲೆಯೆತ್ತಿತು.

ಈ ಸಲ ಅದು ನ್ಯಾಯಸ್ಥಾನಕ್ಕೆ ಹೋಗಲಿಲ್ಲ. ಒಂದಾದಮೇಲೊಂದರಂತೆ ಚುನಾಯಿತವಾದ ಎರಡು ಶಾಸನಸಭೆಗಳು ತಿದ್ದುಪಡಿಯನ್ನು ಅಂಗೀಕರಿಸಿದ ಮೇಲೆ, ೨೦೨೫ರ ನವೆಂಬರ್ ೪ರಂದು ಅದು ಮಹಾಜನರ ಮತಕ್ಕೆ ಬಂದಿತು. ಆ ಬೆಟ್ಟದ ೧,೦೩೯ ಎಕರೆ ಅರಣ್ಯದಲ್ಲಿ ಸ್ಕೀ ಹಾದಿಗಳಿಗೂ ಅವಕ್ಕೆ ಸಂಬಂಧಿಸಿದ ಕಟ್ಟಡಗಳಿಗೂ ಅವಕಾಶವಿರಬಹುದೆ ಎಂಬುದು ಪ್ರಶ್ನೆ. ನ್ಯೂಯಾರ್ಕ್ ನಗರದಲ್ಲಿ, ಆ ಬೆಟ್ಟದಿಂದ ಮುನ್ನೂರು ಮೈಲಿಗೆ ಸಮೀಪದ ದೂರದಲ್ಲಿರುವ, ಸ್ಕೀಯನ್ನು ಎಂದೂ ಕಾಲಿಗೆ ಕಟ್ಟದ ಜನರೂ ಮತವಿತ್ತರು. ತಿದ್ದುಪಡಿಯು ಗೆದ್ದಿತು. ಬದಲಿಗೆ ಸರ್ಕಾರವು ಉದ್ಯಾನಕ್ಕೆ ಹೊಸದಾಗಿ ಸೇರಿಸಬೇಕೆಂದು ಅದರಲ್ಲಿ ವಿಧಿಸಿರುವ ಕಾಡು ೨,೫೦೦ ಎಕರೆ. ೧೯೩೦ರಲ್ಲಿ ನ್ಯಾಯಸ್ಥಾನವು ಕಡಿಯಗೊಡದೆ ಉಳಿಸಿದ ಮರಗಳ ಸಂಖ್ಯೆಯೂ ಅದೇ.